ಬೇಡದ ನೀರನ್ನೂ ಅಳೆದು ಹಂಚುವ ಗೇಟಕ್ಕ

ಬೆಳಗಿನ ಐದೂವರೆ. ಮಳೆ ನಿಂತು ಇನ್ನೂ ಒಂದು ಗಂಟೆಯಾಗಿಲ್ಲ. ಕವಲು ಕಾಲುವೆಯ ಬಾಯಲ್ಲಿ, ಗೋಣಿಚೀಲವನ್ನು ತಲೆಗೆ ಮುಸುಕು ಹಾಕಿಕೊಂಡ ಹೆಂಗಸೊಬ್ಬರು ಮಂಡಿಯೂರಿ ಕುಳಿತು ನೀರಿಗೆ ಟಾರ್ಚು ಬಿಡುತ್ತಿದ್ದಾರೆ. ಅಳತೆಪಟ್ಟಿಗೆ ಅಂಟಿದ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಅಂಕಿ ಓದಿ, ಸೊಂಟದಲ್ಲಿದ್ದ ಫೋನು ತೆಗೆಯುತ್ತಾರೆ. ‘ಒಂದು ಮೀಟರ್ ನಲವತ್ತು, ಸರ್.’ ಆ ಕಡೆಯಿಂದ ‘ಹೂಂ’ ಎಂಬ ಸದ್ದು, ಅಷ್ಟೇ.

‘ಇಪ್ಪತ್ತೆರಡು ವರ್ಷದಿಂದ ಈ ಹೂಂ ಕೇಳ್ತಿದೀನಿ. ಸಾಹೇಬ್ರು ಎಂಟು ಜನ ಬದಲಾದ್ರು, ಹೂಂ ಮಾತ್ರ ಅದೇ ಇದೆ’ ಎನ್ನುತ್ತಾರೆ. ನಗುವುದಿಲ್ಲ.

ಇವರನ್ನು ಕಾಲುವೆಯುದ್ದಕ್ಕೂ ಎಲ್ಲರೂ ಕರೆಯುವುದು ಗೇಟಕ್ಕ ಎಂದೇ. ವಯಸ್ಸು ಐವತ್ತನಾಲ್ಕು. ಕೆಲಸ ನೀರುಗಂಟಿಯದು. ಹದಿನಾಲ್ಕು ಕಿಲೋಮೀಟರ್ ಕಾಲುವೆ, ಅದರ ಮೇಲೆ ಮೂವತ್ತೊಂದು ತೂಬು, ದಿನಕ್ಕೆ ಮೂರು ಸಲ ಅಳತೆ. ದೊಡ್ಡ ಕಾಲುವೆಯಿಂದ ನೀರು ಒಳಬರುವ ತಲೆಬಾಗಿಲಿನ ಗೇಟು ಪೂರ್ತಿ ಏಳಬೇಕಾದರೆ ಚಕ್ರವನ್ನು ಅರವತ್ತು ಸುತ್ತು ತಿರುಗಿಸಬೇಕು. ಅಪ್ಪನೂ ಇದೇ ಕೆಲಸದಲ್ಲಿದ್ದವರು. ಅವರ ಸೊಂಟ ಹಿಡಿದಾಗ ಮಗಳು ‘ನಾಲ್ಕು ದಿನ’ಕ್ಕೆಂದು ಚಕ್ರಕ್ಕೆ ಕೈ ಹಾಕಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ, ದಿನಗೂಲಿಯೂ ಖಾಯಂ ಆಗಿಲ್ಲ.

ಹಂಚಿಕೆಯ ಲೆಕ್ಕ ಸರಳ. ಬಿತ್ತನೆಗೆ ಮುಂಚೆ ಕಚೇರಿಯವರು ಜಲಾಶಯದ ಮಟ್ಟ ನೋಡಿ, ಈ ಹಂಗಾಮಿಗೆ ಎಕರೆಗೆ ಇಷ್ಟು ನೀರು ಎಂದು ಸಾರುತ್ತಾರೆ. ಯಾವ ತೂಬಿಗೆ ಯಾವ ದಿನ ಸರದಿ ಎಂಬ ಪಟ್ಟಿ ಗೇಟಕ್ಕನ ಕೈಗೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಪಾಲು ಅರ್ಧಕ್ಕಿಳಿಯುತ್ತದೆ, ಮೇಲಿನವರು ಕುಡಿದು ಉಳಿದ ತೇವ ಮಾತ್ರ ಕೊನೆಯ ಏಳು ತೂಬುಗಳಿಗೆ. ಆ ಕೊನೆಯಲ್ಲಿ ಗೇಟಕ್ಕನ ತಂಗಿಯ ಮೂರು ಎಕರೆ ಹೊಲವಿದೆ.

‘ನೀರಿನ ಬಾಲಕ್ಕೆ ಹೆಣ್ಣು ಕೊಡಬೇಡಿ ಅಂತ ಊರೆಲ್ಲಾ ಅಂದ್ರು. ಅಕ್ಕ ಗೇಟಲ್ಲಿ ಇರ್ತಾಳಲ್ಲ, ಕೊಡಿ ಅಂತ ಅಪ್ಪನ್ನ ಒಪ್ಪಿಸಿದೋಳು ನಾನೇ.’

ಈ ವರ್ಷ ಜಲಾಶಯ ಬೇಗ ತುಂಬಿತು. ಎಲ್ಲರಿಗೂ ನೂರಕ್ಕೆ ನೂರು ಪಾಲು ಎಂದು ಕಚೇರಿ ಸಾರಿತು. ಒಂಬತ್ತು ವರ್ಷಗಳ ನಂತರ ಬಂದ ಮಾತದು. ಕೊನೆಯವರು ಧೈರ್ಯ ಮಾಡಿ ಈರುಳ್ಳಿ ಹಾಕಿದರು. ಆದರೆ ಸಾರಿದ ಮೇಲೂ ಮಳೆ ನಿಲ್ಲಲಿಲ್ಲ. ಹೊಲಗಳು ಜೌಗಾದವು. ಅತ್ತ ಜಲಾಶಯ ತುಳುಕುತ್ತಿತ್ತು, ಜಾಗ ಮಾಡಿಕೊಳ್ಳಲು ಕಾಲುವೆಗೆ ತುಂಬಾ ನೀರು ಬಿಟ್ಟರು. ಪಟ್ಟಿಯ ಪ್ರಕಾರ ಅದು ರೈತರ ಪಾಲು. ಬೇಕೇ ಎಂದು ಕೇಳಿದವರಿಲ್ಲ.

ಮೇಲಿನ ಇಪ್ಪತ್ತನಾಲ್ಕು ತೂಬಿನವರು ತಮ್ಮ ತಮ್ಮ ಹಲಗೆ ಇಳಿಸಿ ಬೀಗ ಜಡಿದರು. ನೀರು ನೇರ ಕೆಳಕ್ಕೆ ಓಡಿತು. ಹೆಚ್ಚಾದದ್ದು ಹಳ್ಳಕ್ಕೆ ಬೀಳಬೇಕಾದ ಕಡೆಯ ಕಂಡಿ ಹೂಳು ತುಂಬಿ ಮುಚ್ಚಿಹೋಗಿ ಆರು ವರ್ಷ, ಹಾಗಾಗಿ ಕಾಲುವೆ ಉಕ್ಕಿ ಕೊನೆಯ ಹೊಲಗಳಿಗೇ ನುಗ್ಗಿತು. ಅದನ್ನು ತೆಗೆಸಿಕೊಡಿ ಎಂದು ಗೇಟಕ್ಕ ಬರೆಸಿದ ಅರ್ಜಿಗಳು ಹನ್ನೊಂದು.

ಎಂಟನೆಯ ದಿನದ ಮಳೆಯಲ್ಲಿ ಅವರು ಸೈಕಲ್ ಏರಿ ಒಂದೊಂದೇ ತೂಬಿಗೆ ಹೋದರು. ಎಲ್ಲರೂ ಒಂದೊಂದು ಗೇಣು ಎತ್ತಿದರೆ ಯಾರ ಬೆಳೆಯೂ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪ ಎಲ್ಲರೂ ತಡೆದುಕೊಳ್ಳೋಣ ಎಂದು ಬೇಡಿಕೊಂಡರು. ಐದು ಜನ ಒಪ್ಪಿದರು. ಉಳಿದವರಲ್ಲಿ ಒಬ್ಬರ ಮಾತನ್ನು ಗೇಟಕ್ಕ ಇನ್ನೂ ಮರೆತಿಲ್ಲ: ‘ಬರದಲ್ಲಿ ಒಂದು ಗಂಟೆ ಹೆಚ್ಚು ತಗೊಂಡೆ ಅಂತ ನನಗೆ ದಂಡ ಹಾಕ್ಸಿದ್ದೆ. ಈಗ ತಗೋ ತಗೋ ಅಂತ ಕೈ ಮುಗೀತೀಯಲ್ಲಮ್ಮ?’

‘ಅವರದ್ದೇನು ತಪ್ಪು? ಅವರ ಹೊಲದಲ್ಲೂ ಮೊಣಕಾಲುದ್ದ ನೀರಿತ್ತು’ ಎನ್ನುತ್ತಾರೆ ಗೇಟಕ್ಕ.

ಮಧ್ಯಾಹ್ನ ತಂಗಿಯ ಫೋನು ಬಂತು. ಅವಳು ಅಳಲಿಲ್ಲ, ಬೈಯಲಿಲ್ಲ. ‘ಅಕ್ಕಾ, ಮುಚ್ಚು’ ಎಂದಳು, ಅಷ್ಟೇ. ಸಾಹೇಬರಿಗೆ ಫೋನು ಮಾಡಿದರೆ, ಲಿಖಿತ ಆದೇಶವಿಲ್ಲದೆ ಗೇಟು ಮುಟ್ಟುವಂತಿಲ್ಲ, ಆದೇಶ ಕೊಡುವವರು ಸಭೆಯಲ್ಲಿದ್ದಾರೆ ಎಂಬ ಉತ್ತರ. ಗೇಟಕ್ಕ ಆದೇಶಕ್ಕೆ ಕಾಯಲಿಲ್ಲ. ತಲೆಬಾಗಿಲಿನ ಗೇಟನ್ನು ಹನ್ನೆರಡು ಸುತ್ತು ಇಳಿಸಿದರು. ಕೆಲಸ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಅರ್ಧ ಗಂಟೆಯಲ್ಲಿ ಗೇಟಿನ ಹಿಂದೆ ದೊಡ್ಡ ಕಾಲುವೆಯ ನೀರು ಮೊಳದುದ್ದ ಏರಿತು. ಅಲ್ಲಿ ಏರಿಯ ಬುಡದಲ್ಲಿ ತೊಂಬತ್ತು ಮನೆಗಳಿವೆ. ಗೇಟಕ್ಕ ಏರಿಯ ಮೇಲೆ ನಡೆದು ನೋಡಿದಾಗ ಮಣ್ಣು ಬೆವರುತ್ತಿತ್ತು. ನೋಡುತ್ತಿದ್ದಂತೆ ಬೆವರು ಸಣ್ಣ ಧಾರೆಯಾಯಿತು. ಕೆಳಗಿನ ಅಂಗಳವೊಂದರಲ್ಲಿ ಮುದುಕಿಯೊಬ್ಬಳು ಮೊಮ್ಮಗುವಿಗೆ ತಲೆ ಬಾಚುತ್ತಿದ್ದಳು.

‘ಓಡಿ ಬಂದೆ. ಅದೇ ಹನ್ನೆರಡು ಸುತ್ತು ವಾಪಸ್ ಎತ್ತಿದೆ. ಈ ಕೈಯಿಂದಲೇ. ಒಂದೊಂದು ಸುತ್ತಿಗೂ ಗೊತ್ತಿತ್ತು, ಇದು ಯಾರ ಹೊಲಕ್ಕೆ ಹೋಗ್ತಿದೆ ಅಂತ.’

ಅಂಗೈ ತೋರಿಸುತ್ತಾರೆ. ಬೆರಳುಗಳ ಬುಡದಲ್ಲಿ ಗಂಟುಗಟ್ಟಿದ ಚರ್ಮ. ‘ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನ್ನ ಕೈ ಕೆಸರಾಗಿ ಬೇರೆಯವರ ಬಾಯಿಗೆ ಮಣ್ಣು ಬಿತ್ತು.’

ಕೊನೆಯ ಏಳು ತೂಬುಗಳ ಇನ್ನೂರು ಎಕರೆ ಒಂಬತ್ತು ದಿನ ನೀರಿನಡಿ ಇತ್ತು. ಇಳಿದ ಮೇಲೆ ಉಳಿದದ್ದು ಕೊಳೆತ ಈರುಳ್ಳಿಯ ವಾಸನೆ. ಎರಡು ಹಂಗಾಮು ಕಳೆಯದೆ ಆ ಮಣ್ಣು ಮತ್ತೆ ಹದಕ್ಕೆ ಬರುವುದಿಲ್ಲ ಎಂದು ಅಲ್ಲಿನವರು ಹೇಳುತ್ತಾರೆ. ತಂಗಿಯ ಗಂಡ ಈಗ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುತ್ತಾನೆ.

ವಿಚಾರಣೆಗೆಂದು ಮೂವರು ಜೀಪಿನಲ್ಲಿ ಬಂದರು. ಗೇಟಕ್ಕನ ದಾಖಲೆ ಪುಸ್ತಕ ನೋಡಿದರು. ಅದರಲ್ಲಿ ‘ಕೊಡಬೇಕಾದ ನೀರು’, ‘ಕೊಟ್ಟ ನೀರು’ ಎಂಬ ಎರಡು ಖಾನೆ. ಎರಡೂ ಸರಿಸಮ ಇದ್ದವು. ಬೇಡವೆಂದು ರೈತರು ಬೇಡಿಕೊಂಡದ್ದನ್ನು ಎಲ್ಲಿ ಬರೆಯಬೇಕು ಎಂದು ಗೇಟಕ್ಕ ಕೇಳಿದರು. ಹಾಗೊಂದು ಖಾನೆ ಇಲ್ಲವಲ್ಲಮ್ಮ ಎಂದು ಅವರು ಸೌಜನ್ಯದಿಂದಲೇ ಹೇಳಿ ಹೊರಟರು. ತಿಂಗಳಾದ ಮೇಲೆ ಒಂದು ಪತ್ರ ಬಂತು. ಹಲವು ವರ್ಷಗಳಲ್ಲಿ ಮೊದಲ ಬಾರಿಗೆ ಕೊನೆಯ ಭಾಗದ ರೈತರಿಗೂ ಪೂರ್ಣ ಪಾಲು ತಲುಪಿಸಿದ್ದಕ್ಕೆ ಮೆಚ್ಚುಗೆ. ಕೆಳಗೆ ಮೊಹರು, ಸಹಿ.

ಗಂಡ ಅದಕ್ಕೆ ಗಾಜು ಹಾಕಿಸೋಣವೆಂದರಂತೆ. ಗೇಟಕ್ಕ ಅದನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಾರೆ.

ಮುಂದಿನ ಹಂಗಾಮಿನ ಹಂಚಿಕೆಯೂ ಬಂದಿದೆ. ಮಳೆ ಬಿಟ್ಟಿಲ್ಲ, ಜಲಾಶಯ ತುಂಬಿದೆ, ಮತ್ತೆ ನೂರಕ್ಕೆ ನೂರು. ಕಡೆಯ ಕಂಡಿಯ ಹೂಳು ಅಲ್ಲೇ ಇದೆ. ಈ ಸಲವೂ ಹಾಗೇ ಆದರೆ ಎಂದು ಕೇಳಿದೆ. ‘ಹಾಗೇ ಮಾಡ್ತೀನಿ. ತೊಂಬತ್ತು ಮನೆ ಎಲ್ಲಿಗೂ ಹೋಗಿಲ್ವಲ್ಲ’ ಎಂದರು.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದೆ. ಖಾಯಂ ಕೆಲಸ, ಪಿಂಚಣಿ ಎಂದಾರೆಂದುಕೊಂಡಿದ್ದೆ. ಅವರು ತಂಗಿಯ ಮಾತೆತ್ತಿದರು. ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗುತ್ತಾರಂತೆ. ತಂಗಿ ಚಾಪೆ ಹಾಕುತ್ತಾಳೆ, ಲೋಟದಲ್ಲಿ ನೀರು ತಂದಿಡುತ್ತಾಳೆ, ಎದುರಿಗೆ ಕೂರುತ್ತಾಳೆ. ಮಾತಿಲ್ಲ.

‘ಒಂದು ಸಲ ಬಾಯಿ ತುಂಬಾ ಬೈಲಿ ಅಂತ ಆಸೆ ನಂಗೆ. ಬೈದ್ರೆ ಎದ್ದು ಹೋಗಬಹುದು. ಸುಮ್ಮನೆ ಕೂತ್ರೆ ನಾನು ಎಲ್ಲಿಗೆ ಹೋಗ್ಲಿ?’