ಮುನಿಕೆಂಪಮ್ಮನ ಪೇಟ

ಮುನಿಕೆಂಪಮ್ಮ ನಿದ್ದೆಯಲ್ಲಿ ಓಡುತ್ತಾಳೆ. ಇದು ಗಂಡ ವೆಂಕಟೇಶಪ್ಪನನ್ನು ಬಿಟ್ಟರೆ ಇಡೀ ಜಕ್ಕೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಒದೆ ಬೀಳುತ್ತಿದ್ದದ್ದು ಅವನಿಗೆ. ಬೆಳಗಿನ ಜಾವದ ಸವಿನಿದ್ದೆಯಲ್ಲಿ ಮೊದಲು ಅವಳ ಎಡಗಾಲು ಸಣ್ಣಗೆ ಅದುರುತ್ತದೆ, ಆಮೇಲೆ ಬಲಗಾಲು. ಆಮೇಲೆ ಎರಡೂ ಒಂದಾಗಿ ಹೊದಿಕೆಯನ್ನು ಮಂಚದ ಕೆಳಗೆ ಕಳಿಸಿ, ಪಕ್ಕದಲ್ಲಿ ಮಲಗಿರುವ ಬಡಪಾಯಿಯ ಮೊಣಕಾಲಿಗೆ ಬಂದು ತಗಲುತ್ತವೆ.

“ಇವತ್ತೂ ಒದ್ದೆ ಕಣಮ್ಮಿ,” ಎಂದು ಅವನು ಕಾಫಿ ಹೊತ್ತಿಗೆ ದೂರು ಕೊಡುತ್ತಿದ್ದ. “ನರದ ಕಾಯ್ಲೆ ಇರ್ಬೋದು. ಎಬ್ಬಾಳದಾಗೆ ಒಳ್ಳೆ ಡಾಕ್ಟ್ರು ಅವ್ರಂತೆ, ಓಗಿ ತೋರ್ಸ್ಕೊಂಡು ಬರಾಣ.”

“ಕಾಯಿಲೆ ಏನಿಲ್ಲ ಬಿಡ್ರೀ. ಏನೋ ಕನಸು.”

“ಎಂಥಾ ಕನ್ಸು?”

“ಮರ್ತೋಯ್ತು.”

ಮರೆತಿರಲಿಲ್ಲ. ಅಂಥ ಕನಸನ್ನು ಯಾರು ಮರೆಯುತ್ತಾರೆ? ಕೆಮ್ಮಣ್ಣಿನ ಬಯಲು. ಕೆರೆ ಕಡೆಯಿಂದ ಎದ್ದ ಮಂಜು ಅರ್ಧ ಬಯಲಿನವರೆಗೆ ಬಂದು, ಮುಂದೆ ಹೋಗಲೋ ಬೇಡವೋ ಎಂದು ಅಲ್ಲೇ ನಿಂತಿರುತ್ತದೆ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಕೈ ಚಾಚಿದರೆ ಸಿಗುವಷ್ಟು ಕೆಳಗೆ ಹಾರುತ್ತದೆ, ಆದರೆ ಸದ್ದೇ ಇರುವುದಿಲ್ಲ. ಎರಡು ಕಂಬ, ನಡುವೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತ ಹುಡುಗಿಯರು. ಅವಳು ಹದಿನೈದರ ಕೆಂಪಿ, ಬರಿಗಾಲು, ನೀಲಿ ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿದೆ. ಮುಂದೆ ಒಬ್ಬಳು ಓಡುತ್ತಿದ್ದಾಳೆ, ಅವಳ ಮುಖ ಎಂದೂ ಕಾಣುವುದಿಲ್ಲ. ಕೆಂಪಿ ಕೈ ಚಾಚುತ್ತಾಳೆ. ಇನ್ನೇನು ಬೆರಳು ತಾಗಿತು ಅನ್ನುವಾಗ ವೆಂಕಟೇಶಪ್ಪ “ಅಯ್ಯಪ್ಪೋ” ಅನ್ನುತ್ತಾನೆ, ಬೆಳಗಾಗುತ್ತದೆ.

ಕನಸಿನಲ್ಲಿ ಅರ್ಧದಷ್ಟು ನಿಜವೇ. ಕೆರೆ ಪಕ್ಕದ ಹೈಸ್ಕೂಲಿನ ಹುಡುಗಿಯರ ಖೋ ಖೋ ತಂಡಕ್ಕೆ ಅವಳು ಕ್ಯಾಪ್ಟನ್ ಆಗಿದ್ದಳು. ದಾವಣಗೆರೆಗೆ ಹೋಗಿ ರಾಜ್ಯಮಟ್ಟದಲ್ಲಿ ಗೆದ್ದು ಬಂದ ತಂಡ ಅದು. ಕೊನೆಯ ಹುಡುಗಿಯನ್ನು ಕೆಂಪಿಯೇ ಕಂಬ ಹಿಡಿದು, ಮೈಯನ್ನು ಉದ್ದಕ್ಕೂ ಗಾಳಿಗೆ ಬಿಟ್ಟು, ನೆಲಕ್ಕೆ ಬೀಳುತ್ತಾ ಮುಟ್ಟಿದ್ದಳು. ಅದರ ಗುರುತು ಗದ್ದದ ಕೆಳಗೆ ಇವತ್ತಿಗೂ ಇದೆ. ಮದುವೆಯಲ್ಲಿ ಅರಿಶಿನ ಹಚ್ಚಿದ ಹೆಂಗಸರು “ಬಾವಿಕಟ್ಟೆ ಮೇಲಿಂದ ಬಿದ್ದಿದ್ದಾ?” ಎಂದು ಕೇಳಿದಾಗ ಅವಳು ಹೂಂ ಅಂದಿದ್ದಳು.

ಗೆದ್ದು ಬಂದ ಮೇಲೆ ಶಾಲೆಯಲ್ಲಿ ಸಮಾರಂಭ. ಒಂದೇ ಒಂದು ಮೈಸೂರು ಪೇಟ ತಂದಿದ್ದರು. “ಕ್ಯಾಪ್ಟನ್ ತಲೆಗೆ ಪೇಟ” ಎಂದು ಹೆಡ್‌ಮೇಷ್ಟ್ರು ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದ್ದರು. ಕೆಂಪಿ ಎಣ್ಣೆ ಹಚ್ಚಿ ತಲೆ ಬಾಚಿ, ಕತ್ತು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಬಂದಿದ್ದ ದೊಡ್ಡ ಮನುಷ್ಯರು ಪೇಟ ಕೈಗೆತ್ತಿಕೊಂಡು ಆ ಕಡೆ ನೋಡಿದರು, ಈ ಕಡೆ ನೋಡಿದರು. “ಹೆಣ್ಮಕ್ಕಳಿಗೆ ಪೇಟ ಯಾಕ್ರೀ, ಕಲಿಸಿದ ಗುರುಗಳಿಗೆ ಇಡೋಣ” ಎಂದು ಪಿ.ಟಿ. ಮೇಷ್ಟ್ರ ತಲೆಗೆ ಇಟ್ಟುಬಿಟ್ಟರು. ಮೇಷ್ಟ್ರು ಪಾಪ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಫೋಟೊ ತೆಗೆದಾಗಿತ್ತು. ಹುಡುಗಿಯರಿಗೆ ತಲೆಗೊಂದು ಸ್ಟೀಲ್ ಟಿಫನ್ ಡಬ್ಬಿ. ಆ ಡಬ್ಬಿ ಈಗ ಮುನಿಕೆಂಪಮ್ಮನ ಅಡುಗೆಮನೆಯಲ್ಲಿ ಜೀರಿಗೆ ತುಂಬಿಕೊಂಡು ಕೂತಿದೆ.

ಆಮೇಲೂ ಅವಳು ಓಡಿದ್ದೇನು ಕಡಿಮೆಯಲ್ಲ. ಹಗ್ಗ ಕಿತ್ತುಕೊಂಡ ಹಸುವಿನ ಹಿಂದೆ, ಯಲಹಂಕದ ಬಸ್ಸಿನ ಹಿಂದೆ, ಊಟದ ತಟ್ಟೆ ಹಿಡಿದುಕೊಂಡು ಮಕ್ಕಳ ಹಿಂದೆ. ವೆಂಕಟೇಶಪ್ಪನ ಕಡೆಯವರು ದ್ರಾಕ್ಷಿ ಬೆಳೆಯುತ್ತಿದ್ದ ತೋಟದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ, ಇವರಿಗೊಂದು ಮೂರಂತಸ್ತಿನ ಮನೆ, ಮೇಲೆ ಬಾಡಿಗೆದಾರರು. ಊರಿನಲ್ಲಿ ಗಣಪತಿ ಕೂರಿಸಿದರೂ, ಬಸ್ ಸ್ಟಾಪ್ ಉದ್ಘಾಟನೆಯಾದರೂ ವೆಂಕಟೇಶಪ್ಪನಿಗೊಂದು ಶಾಲು ಗ್ಯಾರಂಟಿ. ಬೀರುವಿನ ಒಂದು ಅರೆ ತುಂಬ ಅವೇ. ಹಣ್ಣಿನ ಬುಟ್ಟಿಯ ಸೇಬನ್ನು ಕತ್ತರಿಸಿ ಮೊಮ್ಮಕ್ಕಳಿಗೆ ಹಂಚುವುದು ಮುನಿಕೆಂಪಮ್ಮನ ಪಾಲಿನ ಸನ್ಮಾನ. ಅವನು ಕೆಟ್ಟವನಲ್ಲ. ಹೆಂಡತಿ ಹುಡುಗಿಯಾಗಿದ್ದಾಗ ಏನೋ ಆಡುತ್ತಿದ್ದಳಂತೆ ಎಂದು ಅವನಿಗೆ ಗೊತ್ತಿತ್ತು, ಏನು ಅಂತ ಕೇಳಿರಲಿಲ್ಲ, ಅಷ್ಟೆ.

ಹೀಗಿರುವಾಗ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಸುಬ್ರಮಣಿ ಮನೆಗೆ ಬಂದ. ಶಾಲೆಗೆ ಹೆಸರು ತಂದ ಹಳೆಯ ಆಟಗಾರರನ್ನೆಲ್ಲ ಕರೆದು ಗೌರವಿಸಬೇಕು ಎಂದು ಸಂಘ ತೀರ್ಮಾನಿಸಿತ್ತು.

“ಅಕ್ಕ, ನೀವು ಬರ್ಲೇಬೇಕು. ದಂಪತಿ ಸಮೇತ,” ಅಂದ ಸುಬ್ರಮಣಿ.

ಮುನಿಕೆಂಪಮ್ಮನಿಗೆ ಕೇಳಬೇಕಾಗಿದ್ದದ್ದು ಒಂದೇ. ಆದರೆ ಅದನ್ನು ನೇರವಾಗಿ ಕೇಳುವುದು ಹೇಗೆ? ಅವಳು ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. “ಈಗೆಲ್ಲಾ ಪೇಟ ಗೀಟ ಇಡಲ್ಲ ಅಲ್ವಾ ಸುಬ್ರಮಣಿ? ಬರೀ ಶಾಲು, ಹಾರ ಇರತ್ತೇನೋ.”

“ಪೇಟ ಇಲ್ದೆ ಎಂಥಾ ಸನ್ಮಾನ ಅಕ್ಕ? ಮೈಸೂರಿಂದಾನೇ ತರಿಸ್ತಾ ಇದ್ದೀವಿ. ಒಬ್ಬೊಬ್ರಿಗೂ ಒಂದೊಂದು.”

ಅಲ್ಲಿಂದ ಮುಂದಿನ ದಿನಗಳಲ್ಲಿ ಮುನಿಕೆಂಪಮ್ಮ ಮನೆಯಲ್ಲಿ ಇದ್ದಳು ಅನ್ನುವುದಕ್ಕಿಂತ ಮನೆಯ ಮೇಲೆಲ್ಲೋ ತೇಲುತ್ತಿದ್ದಳು ಅನ್ನಬೇಕು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು. ಟೆರೇಸಿನಲ್ಲಿ ಬಟ್ಟೆ ಒಣಹಾಕಲು ಹೋದವಳು ಒದ್ದೆ ಸೀರೆ ಹಿಡಿದುಕೊಂಡು ಕೆರೆಯ ಕಡೆ ನೋಡುತ್ತಾ ನಿಂತುಬಿಟ್ಟಳು. ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಕೆರೆ ಒಂದು ತುಂಡಷ್ಟೇ ಕಾಣುತ್ತಿತ್ತು. ಆ ತುಂಡಿನ ಮೇಲೆ ಮಂಜು ಎದ್ದಿತ್ತು, ಮಂಜಿನಾಚೆ ಯಾರೋ ಹುಡುಗಿಯರು ನಗುತ್ತಿದ್ದ ಹಾಗಿತ್ತು. ಅದು ವಾಕಿಂಗಿಗೆ ಬಂದವರ ನಗು ಎಂದು ಅವಳಿಗೆ ಗೊತ್ತು. ಗೊತ್ತಿದ್ದರೂ ಕೇಳಿಸಿಕೊಂಡಳು. ಬಚ್ಚಲುಮನೆಯ ಕನ್ನಡಿ ಮುಂದೆ ಕೆಂಪು ಟವೆಲನ್ನು ತಲೆಗೆ ಸುತ್ತಿ, ಒಂದು ತುದಿಯನ್ನು ಭುಜದ ಮೇಲೆ ಇಳಿಬಿಟ್ಟು ನೋಡಿಕೊಂಡಳು. ಚೆನ್ನಾಗಿಯೇ ಕಂಡಿತು. ನಾಚಿಕೆಯಾಗಿ ಬಿಚ್ಚಿ ಮುಖ ಒರೆಸಿಕೊಂಡಳು.

ಸಮಾರಂಭದ ಭಾನುವಾರ ಬೆಳಿಗ್ಗೆ ಸೊಸೆ ತೇಜಸ್ವಿನಿ ಅತ್ತೆಗೆ ತಲೆ ಬಾಚಲು ಕೂತಳು.

“ತುರುಬು ಕೆಳಗೆ ಹಾಕಮ್ಮ, ಕತ್ತಿನ ಹತ್ರ,” ಅಂದಳು ಮುನಿಕೆಂಪಮ್ಮ. “ಹೂವೂ ಅಲ್ಲೇ ಒಂಚೂರು ಸಾಕು.”

“ಯಾಕತ್ತೆ? ಎತ್ತರಕ್ಕೆ ಹಾಕಿದ್ರೆ ಫೋಟೊದಲ್ಲಿ ಸಖತ್ತಾಗಿ ಬರತ್ತೆ.”

“ಪೇಟ ಕೂರ್ಬೇಕಲ್ಲ.”

ತೇಜಸ್ವಿನಿ ಒಂದು ಗಳಿಗೆ ಅತ್ತೆಯ ಮುಖವನ್ನೇ ಕನ್ನಡಿಯಲ್ಲಿ ನೋಡಿದಳು. ಆಮೇಲೆ ಹಾಕಿದ್ದ ಪಿನ್ನುಗಳನ್ನೆಲ್ಲ ತೆಗೆದು, ಮೊದಲಿಂದ ಬಾಚಿದಳು.

ಶಾಲೆಯ ಬಯಲು ಕನಸಿನಲ್ಲಿ ಇದ್ದುದರ ಅರ್ಧವೂ ಇರಲಿಲ್ಲ. ಒಂದು ಕಡೆ ಕಾಂಪೌಂಡು ಮುಂದಕ್ಕೆ ಬಂದಿತ್ತು, ಇನ್ನೊಂದು ಕಡೆ ವೆಂಕಟೇಶಪ್ಪನೇ ಶೀಟು ಹೊದಿಸಿಕೊಟ್ಟ ವೇದಿಕೆ. ಆದರೆ ಮಣ್ಣು ಅದೇ. ಮುನಿಕೆಂಪಮ್ಮ ಚಪ್ಪಲಿ ಬಿಟ್ಟು ಒಂದು ನಿಮಿಷ ಸುಮ್ಮನೆ ನಿಂತಳು. ಅಂಗಾಲಿಗೆ ಬೆಚ್ಚಗಾಯಿತು.

“ಏನೇ ಕ್ಯಾಪ್ಟನ್, ಕಬ್ಬನ್ ಪಾರ್ಕಲ್ಲಿ ನಿಂತಿರೋ ಬೊಂಬೆ ಥರಾ ನಿಂತ್ಬಿಟ್ಟೆ?”

ಧ್ವನಿ ಬಂದದ್ದು ಬೆನ್ನ ಹಿಂದಿನಿಂದ. ತಿರುಗಿ ನೋಡದೆಯೇ ಯಾರೆಂದು ತಿಳಿಯಿತು. ಗಜಾಲಾ. ಆಟದಲ್ಲಿ ಓಡಿಬಂದು ಅವಳ ಬೆನ್ನು ತಟ್ಟಿ ಖೋ ಕೊಡುತ್ತಿದ್ದವಳು. ಈಗ ಆರ್‌.ಟಿ. ನಗರದಲ್ಲಿ ಮಗ ಜೀಷಾನ್ ಜೊತೆ ಇದ್ದಾಳೆ, ಗಂಡ ತೀರಿಕೊಂಡು ಬಹಳ ಕಾಲವಾಯಿತು, ಒಂದು ಮೊಣಕಾಲಿಗೆ ಬೆಲ್ಟು. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು.

ಸನ್ಮಾನಕ್ಕೆ ಬಂದವರನ್ನೆಲ್ಲ ವೇದಿಕೆಯ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಮುಂದೆ ಎರಡು ದೊಡ್ಡ ಕುರ್ಚಿ, ಕೆಂಪು ಬಟ್ಟೆ ಹೊದಿಸಿದ್ದು. ಹೆಸರು ಕರೆದ ಹಾಗೆ ಗಂಡ ಹೆಂಡತಿ ಬಂದು ಅದರಲ್ಲಿ ಕೂರಬೇಕು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಅದಕ್ಕೆ ಪೂರಕವಾಗಿ ಇನ್ನೊಂದು ಭಾಷಣ. ಮುಖ್ಯ ಅತಿಥಿಗಳು ಕ್ರೀಡೆಯ ಮಹತ್ವ ಹೇಳುತ್ತಾ ಹೇಳುತ್ತಾ ಎರಡು ಸಲ ನೀರು ಕುಡಿದರು. ಕೊನೆಗೂ ಮೊದಲ ಹೆಸರು ಬಂತು, ದೂರದ ಓಟದ ಚಿಕ್ಕಮುನಿಯಪ್ಪ. ಅವನ ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ. ಪಕ್ಕದಲ್ಲಿ ಕೂತ ಹೆಂಡತಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಬ್ಲೌಸ್ ಪೀಸು. ಚಪ್ಪಾಳೆ.

“ಈಗ ಶ್ರೀಮತಿ ಮುನಿಕೆಂಪಮ್ಮ ಮತ್ತು ಶ್ರೀ ವೆಂಕಟೇಶಪ್ಪ ದಂಪತಿಗಳು!”

ಮುನಿಕೆಂಪಮ್ಮ ಮುಂದಿನ ಕುರ್ಚಿಗೆ ಬಂದಳು. ಕೂತಳು. ಕತ್ತು ನೆಟ್ಟಗೆ ಮಾಡಿದಳು. ಹರಿವಾಣದಲ್ಲಿ ಪೇಟ ಬಂತು, ಜರಿ ಮಿರಮಿರ ಮಿಂಚುತ್ತಿತ್ತು. ಮುಖ್ಯ ಅತಿಥಿಗಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ನಡೆದು ಬಂದರು, ಇಷ್ಟು ವರ್ಷ ಯಾವ ಕೈ ಯಾವ ದಾರಿಯಲ್ಲಿ ಹೋಗಿ ರೂಢಿಯೋ ಆ ದಾರಿಯಲ್ಲೇ ಹೋಗಿ ವೆಂಕಟೇಶಪ್ಪನ ತಲೆಗೆ ಇಟ್ಟರು. ಶಾಲೂ ಅವನಿಗೇ. ಹಾರವೂ ಅವನಿಗೇ. ವೆಂಕಟೇಶಪ್ಪನೂ ರೂಢಿಯಂತೆ ತಲೆ ಬಗ್ಗಿಸಿದ, ರೂಢಿಯಂತೆ ಕ್ಯಾಮೆರಾ ಕಡೆ ನೋಡಿ ನಕ್ಕ. ಯಾರೋ ಹೆಂಗಸು ಬಂದು ಮುನಿಕೆಂಪಮ್ಮನ ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಎಲೆ ಅಡಿಕೆ, ಬ್ಲೌಸ್ ಪೀಸು ಹಾಕಿ ಹೋದಳು. ಮೈಕಿನಲ್ಲಿ ಸುಬ್ರಮಣಿ ವೇದಿಕೆಯ ಶೀಟಿನ ಉಪಕಾರ ಸ್ಮರಿಸುತ್ತಿದ್ದ. ಸಭೆಯಲ್ಲಿ ಒಬ್ಬರಿಗೂ ಏನೂ ತಪ್ಪಾದ ಹಾಗೆ ಕಾಣಲಿಲ್ಲ.

ಮುನಿಕೆಂಪಮ್ಮ ಮಡಿಲಲ್ಲಿದ್ದ ಬ್ಲೌಸ್ ಪೀಸನ್ನು ನೋಡಿದಳು. ತಿಳಿಹಸಿರು ಬಣ್ಣ. ಇಷ್ಟು ದಿನ ತೇಲಿದ್ದೇ ಬಂತು ಅನ್ನಿಸಿತು, ಅಳು ಬಂತು, ಅಳುವ ಜಾಗ ಇದಲ್ಲ ಎಂದು ನುಂಗಿಕೊಂಡಳು. ಚಪ್ಪಾಳೆ ಎಲ್ಲೋ ದೂರ ಹೋಯಿತು. ಮೇಲೆ ಪುಟ್ಟ ವಿಮಾನ ಹಾರಿತು, ಈ ಸಲವೂ ಅವಳಿಗೆ ಸದ್ದು ಕೇಳಲಿಲ್ಲ. ಕಣ್ಣಮುಂದೆ ಕೆಮ್ಮಣ್ಣು. ತಾನು ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಬೆರಳ ತುದಿ ನೆಲಕ್ಕೆ. ಆಟವೆಲ್ಲ ಕಣ್ಣೆದುರೇ ಓಡುತ್ತಿದೆ. ಏಳಬೇಕು. ಆದರೆ ಏಳುವ ಹಾಗಿಲ್ಲ. ಹಿಂದಿನಿಂದ ಯಾರಾದರೂ ಬಂದು ಬೆನ್ನು ಮುಟ್ಟಿ ಹೇಳುವ ತನಕ ಎದ್ದರೆ ಫೌಲು. ಅದೇ ಆಟದ ನೇಮ. ಎಷ್ಟು ಕಾಲದಿಂದ ಹೀಗೇ ಕೂತಿದ್ದೇನೆ ನಾನು, ಎಂದುಕೊಂಡಳು.

ಬೆನ್ನಿನ ನಡುವಿಗೆ ಅಂಗೈಯೊಂದು ಪಟ್ಟನೆ ಬಿತ್ತು.

“ಖೋ!”

ಮನಸ್ಸಿಗೆ ಗೊತ್ತಾಗುವ ಮೊದಲು ಮೈ ಎದ್ದಿತ್ತು. ಎಲೆ ಅಡಿಕೆ, ಬ್ಲೌಸ್ ಪೀಸು ಎಲ್ಲ ನೆಲದ ಪಾಲಾಯಿತು. ಹಿಂದಿನ ಸಾಲಿನಿಂದ ಎದ್ದು ಬಂದಿದ್ದ ಗಜಾಲಾ ಒಂದು ಗಳಿಗೆಯೂ ತಡಮಾಡದೆ ಮುನಿಕೆಂಪಮ್ಮ ಬಿಟ್ಟ ಕುರ್ಚಿಯಲ್ಲಿ ಕೂತುಬಿಟ್ಟಳು. ಖೋ ಕೊಟ್ಟವರು ಎದ್ದವರ ಜಾಗದಲ್ಲಿ ಕೂರಬೇಕು, ಅದೂ ನೇಮವೇ. ಎದ್ದವರು ಹಿಂದಕ್ಕೆ ತಿರುಗುವ ಹಾಗಿಲ್ಲ, ಹಿಡಿದ ದಿಕ್ಕಿನಲ್ಲೇ ಹೋಗಬೇಕು. ಮುನಿಕೆಂಪಮ್ಮ ಎರಡೇ ಹೆಜ್ಜೆ ಇಟ್ಟು ಗಂಡನ ಮುಂದೆ ನಿಂತಳು, ಕೈ ಚಾಚಿದಳು.

“ರೀ. ಅದು ನಂದು.”

“ಯಾವ್ದು?”

“ಪೇಟ. ದಾವಣಗೆರೇಲಿ ಗೆದ್ದಿದ್ದು ನಾನು.”

ಮೈಕು ತೆರೆದೇ ಇತ್ತು. ಮಾತು ಬಯಲಿಗೆಲ್ಲ ಕೇಳಿಸಿತು, ಕಾಂಪೌಂಡಿನ ಆಚೆಗೂ ಹೋಯಿತು. ವೆಂಕಟೇಶಪ್ಪ ತಲೆಗೆ ಕೈ ಹಚ್ಚಿ, ಅಲ್ಲಿ ಪೇಟ ಇರುವುದು ಆಗಷ್ಟೇ ಗೊತ್ತಾದವನಂತೆ ಮುಟ್ಟಿ ನೋಡಿಕೊಂಡ. ಹೆಂಡತಿಯ ಮುಖ ನೋಡಿದ, ಗದ್ದದ ಕೆಳಗಿನ ಗುರುತು ನೋಡಿದ. ಅವನ ಕಿವಿ ಕೆಂಪಾಯಿತು. ಮೆಲ್ಲಗೆ ಪೇಟ ತೆಗೆದು ಅವಳ ಕೈಗೆ ಕೊಟ್ಟ, ಹಾರವನ್ನೂ ಕೊರಳಿಂದ ತೆಗೆದ. ಅವಳು ಪೇಟವನ್ನು ತಾನೇ ತಲೆಗಿಟ್ಟುಕೊಂಡಳು. ಅಳತೆ ದೊಡ್ಡದು, ಹುಬ್ಬಿನ ತನಕ ಜಾರಿತು. ಕೆಳಗಿದ್ದ ತುರುಬಿಗೆ ತಗಲಿ ನಿಂತಿತು. ಸಭೆಯ ಮಧ್ಯದಿಂದ ತೇಜಸ್ವಿನಿ ಎದ್ದು ನಿಂತು ಚಪ್ಪಾಳೆ ಶುರುಮಾಡಿದಳು.

ಇತ್ತ ಮುಖ್ಯ ಅತಿಥಿಗಳು ಮುಂದಿನ ಪೇಟ ಹಿಡಿದುಕೊಂಡು ಏನು ಮಾಡಬೇಕೋ ತೋಚದೆ ನಿಂತಿದ್ದರು. “ಗಜಾಲಾ ಅವರ ಮಗ ಜೀಷಾನ್ ಅವರು ವೇದಿಕೆಗೆ...” ಎಂದು ಸುಬ್ರಮಣಿ ಶುರುಮಾಡುವಷ್ಟರಲ್ಲಿ ಗಜಾಲಾ ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಬೆರಳಿನಿಂದ ತನ್ನ ನೆತ್ತಿ ತೋರಿಸಿದಳು.

ವೆಂಕಟೇಶಪ್ಪ ಕುರ್ಚಿಯಿಂದ ಎದ್ದು, ಪಂಚೆ ಎತ್ತಿಕಟ್ಟಿ ನೆಲಕ್ಕೆ ಬಗ್ಗಿದ. ಚೆಲ್ಲಿಹೋಗಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿದ, ತಿಳಿಹಸಿರು ಬ್ಲೌಸ್ ಪೀಸಿನ ಮಣ್ಣು ಕೊಡವಿದ. ಅದೆಲ್ಲವನ್ನೂ ಎದೆಗೆ ಒತ್ತಿಕೊಂಡು ಹೆಂಡತಿಯ ಪಕ್ಕ ಬಂದು ನಿಂತ.

“ದಿನಾ ಒದೀತಿದ್ದಿದ್ದು ಇದ್ಕೇನಮ್ಮಿ?” ಎಂದು ಕಿವಿಯ ಹತ್ತಿರ ಕೇಳಿದ.

ಮುನಿಕೆಂಪಮ್ಮ ಹೂಂ ಅಂದಳು. ಫೋಟೊದವನು ಇತ್ತ ನೋಡಿ ಎಂದು ಕೂಗಿದ, ಅವಳು ಒಂದು ಕೈಯಲ್ಲಿ ಪೇಟ ಹಿಡಿದುಕೊಂಡು ಅತ್ತ ನೋಡಿದಳು.