ಅರ್ಧಕ್ಕೆ ಕತ್ತರಿಸಿದ ಗ್ರಾಫ್

ಕೋವಿಡ್ ಲಾಕ್‌ಡೌನ್ ತೆರವಾದ ಮರುವರ್ಷ ಅರಣ್ಯ ಇಲಾಖೆಯ ಯೋಜನೆಯೊಂದಕ್ಕೆ ನನ್ನನ್ನು ವನ್ಯಜೀವಿ ಸಂಶೋಧಕಿಯಾಗಿ ಚಿತ್ರದುರ್ಗಕ್ಕೆ ಕಳಿಸಿದರು. ಹೊಸದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಹುಲ್ಲುಗಾವಲಿನಲ್ಲಿ ತೋಳ ಮತ್ತು ಕೃಷ್ಣಮೃಗಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಹೇಗೆ ಏರಿಳಿಯಬಹುದೆಂದು ಕಂಪ್ಯೂಟರ್ ಮಾಡೆಲ್ ಮಾಡಿ ಹೇಳುವುದು ನನ್ನ ಕೆಲಸ.

ಆ ಕಾವಲು ಅಷ್ಟರಲ್ಲಾಗಲೇ ದ್ವೀಪವಾಗಿತ್ತು. ಒಂದು ಕಡೆ ಅಗಲಗೊಂಡ ಹೆದ್ದಾರಿ, ಇನ್ನೊಂದು ಕಡೆ ಕಾಂಕ್ರೀಟ್ ಕಾಲುವೆ, ಉಳಿದೆಡೆ ಸೋಲಾರ್ ಪ್ಲಾಂಟಿನ ತಂತಿಬೇಲಿ. ಒಳಗಿನ ಪ್ರಾಣಿಗಳು ಹೊರಗೆ ಹೋಗುವಂತಿರಲಿಲ್ಲ, ಹೊರಗಿನವು ಬರುವಂತಿರಲಿಲ್ಲ.

ಇಂಥ ಕಡೆಯ ಲೆಕ್ಕಾಚಾರದ ತಿರುಳು ಸರಳ. ಕೃಷ್ಣಮೃಗ ಹೆಚ್ಚಿದರೆ ತೋಳಗಳಿಗೆ ಆಹಾರ ಹೆಚ್ಚು, ಅವುಗಳ ಮರಿಗಳು ಬದುಕುತ್ತವೆ. ತೋಳ ಹೆಚ್ಚಿದಾಗ ಕೃಷ್ಣಮೃಗದ ಸಂಖ್ಯೆ ಇಳಿಯುತ್ತದೆ. ಆಗ ಹಸಿವಿನಿಂದ ತೋಳಗಳೂ ಕಡಿಮೆಯಾಗುತ್ತವೆ, ಕೃಷ್ಣಮೃಗ ಮತ್ತೆ ಚೇತರಿಸಿಕೊಳ್ಳುತ್ತದೆ. ಗ್ರಾಫಿನಲ್ಲಿ ಇವು ಒಂದರ ಹಿಂದೊಂದು ಬರುವ ಎರಡು ಅಲೆಗಳಂತೆ ಕಾಣುತ್ತವೆ. ಆದರೆ ದ್ವೀಪದಲ್ಲಿ ಅಲೆ ತೀರಾ ಕೆಳಗಿಳಿದಾಗ ಒಂದು ರೋಗ ಬಂದರೂ ಸಾಕು, ವಂಶವೇ ಮುಗಿಯಬಹುದು. ತೋಳವೇ ಇಲ್ಲವಾದರೆ ಕೃಷ್ಣಮೃಗ ಮಿತಿಮೀರಿ ಹೆಚ್ಚಿ, ಹುಲ್ಲು ಮುಗಿಸಿ, ಹಸಿವಿನಿಂದ ಸಾಯುತ್ತದೆ. ಹಾಗಾಗಿ ಹೆದ್ದಾರಿಯ ಕೆಳಗೆ ಪ್ರಾಣಿಗಳು ಓಡಾಡಲು ಅಂಡರ್‌ಪಾಸ್ ಬೇಕೇ ಬೇಕು ಎಂದು ವರದಿ ಬರೆದೆ.

ಚಿತ್ರದುರ್ಗದಲ್ಲಿ ಸಭೆ ಕರೆದರು. ಸುತ್ತಲಿನ ರೈತರೂ ಕುರಿಗಾಹಿಗಳೂ ಬಂದಿದ್ದರು. ಯೋಜನೆಯ ಮೇಲಧಿಕಾರಿ ಪರದೆಯ ಮೇಲೆ ನನ್ನ ಗ್ರಾಫ್ ಹಾಕಿದಾಗ ನನಗೆ ಮೈ ಉರಿದುಹೋಯಿತು. ಕೃಷ್ಣಮೃಗದ ಗೆರೆ ಕೆಳಗಿಳಿದು ತೋಳದ ಗೆರೆ ಮೇಲೇರಿದ ಜಾಗಕ್ಕೆ ಸರಿಯಾಗಿ ಚಿತ್ರವನ್ನು ಕತ್ತರಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ 'ತೋಳಗಳಿಂದ ಕೃಷ್ಣಮೃಗ ನಾಶ' ಎಂದಿತ್ತು. ಅಂಡರ್‌ಪಾಸಿನ ಮಾತೇ ಇರಲಿಲ್ಲ. ತೋಳಗಳನ್ನು ಹಿಡಿದು ಬೇರೆ ಕಾಡಿಗೆ ಬಿಡುವುದೆಂದು ಆಗಲೇ ತೀರ್ಮಾನವಾಗಿತ್ತು.

ನಾನು ಎದ್ದು ನಿಂತೆ. "ಸರ್, ಇದು ನನ್ನ ಗ್ರಾಫಿನ ಅರ್ಧ. ಉಳಿದದ್ದು ಎಲ್ಲಿ?"

"ಜನಕ್ಕೆ ಅಷ್ಟೊಂದು ಗೆರೆ ಅರ್ಥ ಆಗಲ್ಲ ಮೇಡಂ. ಸಿಂಪಲ್ ಮಾಡಿದೀವಿ ಅಷ್ಟೆ," ಎಂದು ಅವರು ನಕ್ಕರು.

ನಾನು ಮುಂದೆ ಮಾತಾಡುವಷ್ಟರಲ್ಲಿ ತಿಮ್ಮಕ್ಕ ಎಂಬ ಕುರಿಗಾಹಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ತೋಳ ಹೋದ್ರೆ ನಿಮಗೇನ್ರಿ ಕಷ್ಟ? ಮೊನ್ನೆ ಕಾವಲಿನಾಗಿನ ಹಟ್ಟಿಗೇ ನುಗ್ಗಿ ನಂದು ಗಬ್ಬದ ಕುರಿ ಹೊತ್ಕೊಂಡು ಹೋಗೈತೆ. ನೀವ್ ಬಂದು ಹಟ್ಟಿ ಕಾಯ್ತೀರೇನು?"

ಅವರ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟನ್ನು ಅಧಿಕಾರಿ ಬಳಸಿಕೊಂಡ ರೀತಿ ಮಾತ್ರ ಅಸಹ್ಯ ಹುಟ್ಟಿಸಿತು. "ನೋಡಿ, ಜನರೇ ಕೇಳ್ತಿದ್ದಾರೆ," ಎಂದು ಸಭೆ ಮುಗಿಸಿಬಿಟ್ಟರು. ಲಿಖಿತವಾಗಿ ಆಕ್ಷೇಪ ಸಲ್ಲಿಸಿದೆ. ಉತ್ತರ ಬರಲಿಲ್ಲ.

ಮಳೆಗಾಲಕ್ಕೆ ಮೊದಲೇ ತೋಳಗಳನ್ನು ಬೋನಿನಲ್ಲಿ ಸಾಗಿಸಿದರು. ಬಿಟ್ಟ ಕಾಡಿನಲ್ಲಿ ಬೇರೆ ಹಿಂಡು ಮೊದಲೇ ನೆಲೆಯೂರಿತ್ತು. ನಮ್ಮ ತೋಳಗಳನ್ನು ಅದು ಕಚ್ಚಿ ಕೊಂದಿತೆಂದು ಅಲ್ಲಿನ ಸಿಬ್ಬಂದಿಯಿಂದ ತಿಳಿಯಿತು. ಇದು ಯಾವ ಪತ್ರಿಕಾ ಪ್ರಕಟಣೆಯಲ್ಲೂ ಬರಲಿಲ್ಲ. 'ಯಶಸ್ವಿ ಸ್ಥಳಾಂತರ' ಎಂಬುದು ಮಾತ್ರ ಫೋಟೋ ಸಮೇತ ಬಂತು.

ಆಮೇಲಿನ ಎರಡು ವರ್ಷ ಮಳೆ ಚೆನ್ನಾಯಿತು, ಕೃಷ್ಣಮೃಗಗಳು ಬೇಕಾಬಿಟ್ಟಿ ಹೆಚ್ಚಿದವು. ಮೂರನೆಯ ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಯ ಹೊತ್ತಿಗೆ ಕಾವಲಿನಲ್ಲಿ ಹುಲ್ಲಿನ ಬುಡವೂ ಉಳಿದಿರಲಿಲ್ಲ. ಹೊರಗೆ ಹೋಗಲು ದಾರಿಯಿಲ್ಲದೆ ಬೇಲಿಗುಂಟ ಅವು ಎಲುಬು ಬಿಟ್ಟುಕೊಂಡು ಸತ್ತು ಬಿದ್ದಿದ್ದವು. ಇನ್ನೂ ಜೀವವಿದ್ದ ಒಂದು ಮರಿ ತಂತಿಯಾಚೆ ಸೋಲಾರ್ ಪ್ಯಾನೆಲ್ ತೊಳೆದ ನೀರಿಗೆ ಚಿಗುರಿದ ಹಸಿರಿನತ್ತ ಕತ್ತು ಚಾಚಿ ಮಲಗಿತ್ತು. ನೀರು ಕುಡಿಸಿದೆ, ಉಳಿಯಲಿಲ್ಲ.

ಅಲ್ಲೇ ತಿಮ್ಮಕ್ಕ ಸಿಕ್ಕರು. "ನನ್ ಕುರಿ ಹೆಸ್ರು ಹೇಳಿ ತೋಳ ಹಿಡುದ್ರು. ಈಗ ಕುರಿಗೇ ಮೇವಿಲ್ಲ. ಹಿಂಗಾಗ್ತೈತೆ ಅಂತ ಯಾರಿಗೂ ತಿಳಿದಿರ್ಲಿಲ್ವಾ?"

"ತಿಳಿದಿತ್ತು. ಅವತ್ತು ಪರದೆ ಮೇಲೆ ಅದನ್ನ ಹಾಕಲಿಲ್ಲ."

ತಿಮ್ಮಕ್ಕ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. "ನಮಗೆ ತಲೆ ಇಲ್ಲ ಅನ್ಕಂಡ್ರಾ? ನಡೀರಿ, ಕೇಳಾಣ."

ಮರುದಿನ ಇಪ್ಪತ್ತು ಮೂವತ್ತು ಜನ ಕಚೇರಿಗೆ ಹೋದೆವು. ಮೇಲಧಿಕಾರಿ ನನ್ನೊಬ್ಬಳನ್ನೇ ಒಳಗೆ ಕರೆದರು. "ಸೋಂಕಿನಿಂದ ಸತ್ತಿವೆ ಅಂತ ಒಂದು ವರದಿ ಕೊಟ್ಟುಬಿಡಿ. ಎಲ್ಲರಿಗೂ ಒಳ್ಳೇದು."

"ಸತ್ತದ್ದು ಹಸಿವಿನಿಂದ, ಪೋಸ್ಟ್‌ಮಾರ್ಟಮ್ ಮಾಡಿಸಿ," ಎಂದೆ. ಬಾಗಿಲು ತೆರೆದು ಅದೇ ಮಾತನ್ನು ಹೊರಗಿದ್ದವರಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಅಂದು ಸಂಜೆಯೇ ಹೊಸದುರ್ಗದಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಅವರಿಗೆಲ್ಲ ಪೂರ್ತಿ ಗ್ರಾಫ್ ತೋರಿಸಿದೆ. ಅರ್ಥವಾಗದವರು ಒಬ್ಬರೂ ಇರಲಿಲ್ಲ. ಪ್ರಶ್ನೆಗಳು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಜನ ಬಿಡದೆ ಓಡಾಡಿದ್ದರಿಂದ ಅಂಡರ್‌ಪಾಸ್ ಮಂಜೂರಾಗಿದೆ, ಅಗೆತ ಶುರುವಾಗಿದೆ. ಕಾವಲಿನಲ್ಲಿ ತೋಳಗಳಿಲ್ಲ. ಗ್ರಾಫ್ ಕತ್ತರಿಸಿದ ಮೇಲಧಿಕಾರಿಗೆ ಬಡ್ತಿಯಾಗಿ ವರ್ಗವಾಯಿತು. ಅದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ನನಗೆ ಈ ಕೆಲಸ ಕಲಿಸಿದ್ದು ಒಂದೇ. ಮೇಜಿನ ಮೇಲೆ ಇಟ್ಟುಬಂದ ಸತ್ಯ ಅಲ್ಲಿ ಕೂತವರ ಸ್ವತ್ತಾಗುತ್ತದೆ. ಈಗ ಯಾವ ವರದಿಯಾದರೂ ಸರಿ, ಕಚೇರಿಗೆ ಕೊಡುವ ದಿನವೇ ಆ ನೆಲದ ಜನರೆದುರು ಕೂತು, ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದುತ್ತೇನೆ.