ಗುಡುಗಿದರೆ ಬದಲಾಗುತ್ತಿದ್ದ ಕೀಲಿಮಣೆ

ಮೂಡಿಗೆರೆಯ ನಮ್ಮ ಕಾಫಿ ಬೆಳೆಗಾರರ ಸಂಘಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರ್ ಬಂದಾಗ ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ನಾನು ಅಲ್ಲಿ ಗುಮಾಸ್ತೆ. ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಅಕ್ಕ. ಇಪ್ಪತ್ತು ವರ್ಷ ಕನ್ನಡ ಟೈಪ್‌ರೈಟರ್ ಕುಟ್ಟಿದವರು. ಕಾರ್ಯದರ್ಶಿಗಳು ಮೊದಲ ದಿನವೇ ಅಕ್ಕನಿಗೆ ಹೇಳಿಬಿಟ್ಟರು, "ಸಭೆ ನೋಟಿಸು ಇದ್ರಲ್ಲೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಚಿಕ್ಕಮಗಳೂರಲ್ಲಿ ಮಾಡಿಸ್ತೀನಿ. ನೀವು ಗೋಡೌನಲ್ಲಿ ಸ್ಯಾಂಪಲ್ ಚೀಟಿ ಬರ್ಕೊಂಡಿರಿ."

ಗೋಡೌನಿನ ಕಾಫಿ ಧೂಳಿಗೆ ಅಕ್ಕನಿಗೆ ಉಬ್ಬಸ ಏಳುತ್ತಿತ್ತು.

ಕಂಪ್ಯೂಟರ್ ಅಂಗಡಿಯವರು ಕನ್ನಡ ಬರೆಯಲು ಎರಡು ವ್ಯವಸ್ಥೆ ಇಟ್ಟು ಹೋಗಿದ್ದರು. ಹಳೆಯದು ಸ್ಕಿಮ್, ಹೊಸದು ಐಬಸ್. ಯಂತ್ರ ಹಚ್ಚಿದಾಗ ತಾನಾಗಿ ಯಾವುದು ಬರಬೇಕೆಂದು ನಾವೇ ಆರಿಸಬೇಕಂತೆ. ಇಂಗ್ಲಿಷ್ ಓದುತ್ತೇನೆಂದು ಆ ಕೆಲಸ ನನ್ನ ಪಾಲಿಗೆ ಬಂತು.

"ಬಸ್ಸೇ ಇರ್ಲಿ ಮಾರಾಯ್ತಿ, ಕಳಸಕ್ಕಾದ್ರೂ ಹೋಗ್ಬಹುದು," ಎಂದರು ಅಕ್ಕ.

ಸ್ಕಿಮ್ ಬಂದಾಗ ಕೀಲಿಗಳ ಕ್ರಮವೇ ಬೇರೆ. ಅಕ್ಕ ಒತ್ತುವುದೊಂದು, ಮೂಡುವುದೊಂದು. ಐಬಸ್‌ನ ಪಟ್ಟಿಯಲ್ಲಿ ಟೈಪ್‌ರೈಟರ್ ಎಂಬ ಸಾಲು ಸಿಕ್ಕಿತು. ಅದನ್ನು ಒತ್ತಿದೆ. ಅಕ್ಕನ ಬೆರಳು ಹಳೆಯ ಓಟಕ್ಕೆ ಬಿತ್ತು. ಗೆದ್ದೆವು ಅಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಸ್ಕಿಮ್. ಮತ್ತೆ ಆರಿಸಿದೆ. ಅದರ ಮರುದಿನವೂ ಅದೇ ಕತೆ. ನಾನೇ ತಪ್ಪು ಒತ್ತಿದೆನೋ, ಕಸ ಗುಡಿಸುವವಳು ಒರೆಸುವಾಗ ಏನಾದರೂ ತಾಗಿತೋ, ಒಂದೂ ತಿಳಿಯಲಿಲ್ಲ.

ಕೊನೆಗೆ ಅಂಗಡಿಗೆ ಫೋನು ಮಾಡಿದೆ.

"ಮೇಡಂ, ಕಂಪ್ಯೂಟರ್ ಹೆಂಗೆ ಆಫ್ ಮಾಡ್ತೀರಾ?"

"ಪ್ಲಗ್ ಕೀಳ್ತೀವಿ."

"ಅಯ್ಯೋ! ಯಾಕೆ?"

"ಗುಡುಗಿದ್ರೆ ಕೀಳ್ದೆ ಇನ್ನೇನು ಮಾಡ್ತಾರೆ?"

ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ದಿನಗಳು. ಮಧ್ಯಾಹ್ನದ ಮೇಲೆ ಪುರುಸೊತ್ತಾದಾಗ ನಾನು ಐಬಸ್ ಆರಿಸಲು ಕೂರುತ್ತಿದ್ದೆ. ಅಷ್ಟರಲ್ಲಿ ಆಲ್ದೂರಿನ ಕಡೆ ಗುಡುಗುತ್ತಿತ್ತು, ಅಕ್ಕ ಎದ್ದು ವೈರು ಕಿತ್ತೆಸೆಯುತ್ತಿದ್ದರು. ನಮ್ಮಲ್ಲಿ ಟಿವಿ, ಫೋನು ಎಲ್ಲಕ್ಕೂ ಅದೇ ಕ್ರಮ. ಆರಿಸಿದ್ದನ್ನು ಬರೆದಿಟ್ಟುಕೊಳ್ಳಲು ಯಂತ್ರಕ್ಕೂ ಒಂದಷ್ಟು ಸಮಯ ಬೇಕೆಂದು ಅಂಗಡಿಯವರು ಹೇಳುವವರೆಗೆ ಯಾರಿಗೆ ಗೊತ್ತಿತ್ತು?

ನೋಟಿಸು ಹೊರಡಬೇಕಾದ ದಿನ ಬೆಳಿಗ್ಗೆಯೇ ಐಬಸ್ ಆರಿಸಿ, ಪ್ಲಗ್ ಕೀಳದೆ ಕ್ರಮವಾಗಿ ಆಫ್ ಮಾಡಿ, ಮತ್ತೆ ಹಚ್ಚಿದೆ. ಪರದೆಯ ಮೂಲೆಯಲ್ಲಿ ಸ್ಕಿಮ್, ಐಬಸ್ ಎರಡರ ಗುರುತುಗಳೂ ಬಂದು ಕೂತಿದ್ದವು!

"ಎರಡೂ ಬಂದಿದಾವಲ್ಲೇ. ಈಗ ಯಾವ್ದು ನಮ್ದು?"

"ನಂಗೂ ಗೊತ್ತಾಗ್ತಿಲ್ಲ ಅಕ್ಕ. ಒತ್ತಿ ನೋಡಿ."

ಅಕ್ಕ ಒಂದು ಅಕ್ಷರ ಒತ್ತಿದರು. ಸರಿಯಾಗಿ ಮೂಡಿತು. ಯಾಕೆ ಸರಿಯಾಯಿತೆಂದು ಕೆದಕಲು ನನಗೆ ಧೈರ್ಯ ಬರಲಿಲ್ಲ. ಅಕ್ಕ ಊಟಕ್ಕೂ ಏಳದೆ ಕೂತರು. ನೋಟಿಸಿನ ಕೊನೆಯ ವಿಷಯಕ್ಕೆ ಬರುವಾಗ ಗುಡುಗಿತು. ಅವರ ಕೈ ತಾನಾಗಿ ಪ್ಲಗ್ಗಿನತ್ತ ಹೋಯಿತು. ನಾನು ಮಣಿಕಟ್ಟು ಹಿಡಿದುಕೊಂಡೆ.

"ಬಿಡೇ, ಸುಟ್ಟುಹೋಗುತ್ತೆ!"

"ಪ್ರಿಂಟ್ ಆಗ್ಲಿ, ಆಮೇಲೆ ಕೀಳುವಿರಂತೆ."

ಹಾಳೆ ಹೊರಬಂತು. ಕಾರ್ಯದರ್ಶಿಗಳು ಎರಡು ಸಲ ಓದಿ ಸಹಿ ಹಾಕಿದರು. "ಹಾಗಾದ್ರೆ ಸಭೆಗಿಡೋ ವರದಿನೂ ನೀವೇ ಹೊಡೀರಿ," ಎಂದು ಕರಡು ಪ್ರತಿಯನ್ನು ಅಕ್ಕನ ಮೇಜಿನ ಮೇಲಿಟ್ಟರು.

ಅವರು ಆಚೆ ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದರು, "ನಾಳೆನೂ ಇದೇ ಬರುತ್ತಾ?"

"ಬರುತ್ತೆ ಅಕ್ಕ," ಎಂದೆ. ಎರಡರಲ್ಲಿ ಯಾವುದು ಎಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.